ಎಣಿಸಲಾರದ್ದರ ಲೆಕ್ಕ

ನಮ್ಮ ಅಜ್ಜನಿಗೆ ಇಪ್ಪತ್ತರ ಮುಂದೆ ಎಣಿಕೆ ಬರುತ್ತಿರಲಿಲ್ಲ. ರಟ್ಟೀಹಳ್ಳಿಯಲ್ಲಿ ಕುಮುದ್ವತಿಯ ದಂಡೆಗೆ ಅವನ ಹೊಲ. ಒಂದು ಸುಗ್ಗಿಯಲ್ಲಿ ಅಡತಿ ಅಂಗಡಿಗೆ ಜೋಳ ಹಾಕಿದಾಗ ಗುಮಾಸ್ತ ಎಂಬತ್ತೇಳು ಚೀಲವೆಂದು ಬರೆದುಕೊಂಡು ಓದಿ ಹೇಳಿದನಂತೆ. ಅಜ್ಜ ಒಪ್ಪಲಿಲ್ಲ.

“ಹಮಾಲರಿಬ್ಬರೂ ಜೋಡೀಲೆ ಹೊತ್ತು ತಂದಾರ. ಒಂಟಿ ಚೀಲ ಒಂದೂ ಬಂದಿಲ್ಲ. ಈ ಏಳು ಎಲ್ಲಿಂದ ಬಂತ್ರೀ?”

“ಪುಸ್ತಕದಾಗ ಬರದದ್ದು ತಪ್ಪಾಗೂದುಂಟೇನಪಾ?” ಎಂದ ಗುಮಾಸ್ತ. ಮತ್ತೆ ಎಣಿಸಿದರು. ಎಂಬತ್ತೆಂಟು ಇದ್ದವು.

ತಂದೆಯವರು ಈ ಕಥೆಯನ್ನು ಅಜ್ಜನ ಜಾಣತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದರು. ನನಗೆ ಅದು ಬೇರೊಂದು ಪ್ರಶ್ನೆಯಾಗಿ ಉಳಿದಿದೆ. ಒಂದು ಸಂಖ್ಯೆಯನ್ನು ಎಣಿಸಿ ಮುಟ್ಟಲಾರದವನು ಅದರ ಗುಣವೊಂದನ್ನು ಇಷ್ಟು ಖಂಡಿತವಾಗಿ ಬಲ್ಲನೆಂದರೆ, ‘ಬಲ್ಲೆ’ ಎಂಬ ಮಾತಿಗೆ ಅರ್ಥವೇನು? ನಾನು ಕನ್ನಡ ಪಾಠ ಹೇಳುವವನು. ಗಣಿತಜ್ಞರು ಈ ಸಾಹಸವನ್ನು ಕ್ಷಮಿಸಬೇಕು.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಮುಂದೆ 1980ರ ಜೂನ್ 18ರಂದು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನಿಟ್ಟರು: 76,86,36,97,74,870 ಮತ್ತು 24,65,09,97,45,779. ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಅವರು ಹೇಳಿದ ಗುಣಲಬ್ಧ 1,89,47,66,81,77,99,54,26,46,27,73,730. ಒಟ್ಟು ಇಪ್ಪತ್ತಾರು ಅಂಕೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಈ ಸಂಖ್ಯೆ ಆ ಹೆಸರುಗಳನ್ನೂ ಎರಡು ಸ್ಥಾನ ದಾಟಿ ನಿಂತಿದೆ. ಇಷ್ಟು ಜೋಳದ ಕಾಳನ್ನು ರಾಶಿ ಹಾಕಲು ಯಾವ ಕಣವೂ ಸಾಲದು.

ಆದರೂ ನಾನು, ಮಗ್ಗಿಯಲ್ಲಿ ಎಡವುವವನು, ಅವರ ಉತ್ತರವನ್ನು ಪರೀಕ್ಷಿಸಬಲ್ಲೆ. ಮೊದಲ ಸಂಖ್ಯೆಯ ಅಂಕೆಗಳ ಮೊತ್ತ 78. ಅದನ್ನೇ ಮತ್ತೆ ಮತ್ತೆ ಕೂಡಿದರೆ ಉಳಿಯುವುದು 6. ಎರಡನೆಯದರ ಮೊತ್ತ 74, ಉಳಿಯುವುದು 2. ಆರೆರಡ್ಲಿ ಹನ್ನೆರಡು, ಅಂದರೆ 3. ಉತ್ತರದ ಅಂಕೆಗಳ ಮೊತ್ತ 138. ಅದರಲ್ಲಿ ಉಳಿಯುವುದೂ 3. ತಾಳೆಯಾಯಿತು! ಹತ್ತು, ನೂರು, ಸಾವಿರ ಯಾವುದನ್ನೇ ಒಂಬತ್ತರಿಂದ ಭಾಗಿಸಿದರೂ ಉಳಿಯುವುದು ಒಂದೇ. ಆದ್ದರಿಂದ ಅಂಕೆಗಳನ್ನು ಕೂಡಿದರೆ ಸಂಖ್ಯೆಯ ಶೇಷ ಕೈಗೆ ಸಿಗುತ್ತದೆ, ಸಂಖ್ಯೆ ಎಷ್ಟೇ ದೊಡ್ಡದಿರಲಿ. ಅಜ್ಜ ಎರಡರ ಶೇಷ ಹಿಡಿದ, ನಾನು ಒಂಬತ್ತರದು.

ಹಾಗಾದರೆ ಉತ್ತರ ಸರಿಯೆಂದು ನನಗೆ ಗೊತ್ತಾಯಿತೇ? ಇಲ್ಲ. ನಡುವಿನ ಎರಡು ಅಂಕೆಗಳನ್ನು ಅದಲುಬದಲು ಮಾಡಿದ್ದರೂ ಮೊತ್ತ ಅಷ್ಟೇ ಇರುತ್ತಿತ್ತು. ನಾನು ಅಷ್ಟೇ ಸಂತೋಷದಿಂದ ತಲೆದೂಗುತ್ತಿದ್ದೆ. ಶೇಷ ಹೊಂದದಿದ್ದರೆ ಲೆಕ್ಕ ತಪ್ಪೆಂದು ಧೈರ್ಯವಾಗಿ ಹೇಳಬಹುದು. ಹೊಂದಿದರೆ, ತಪ್ಪು ಸಿಗಲಿಲ್ಲವೆಂದಷ್ಟೇ ಹೇಳಬಹುದು. ಇವೆರಡರ ನಡುವಿನ ಅಂತರವನ್ನು ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ! ಮನುಷ್ಯರನ್ನು ಅಳೆಯುವಾಗಲಂತೂ ಒಂದು ಚಿಕ್ಕ ಪರೀಕ್ಷೆಯಲ್ಲಿ ಗೆದ್ದವನಿಗೆ ಇಡೀ ಮನೆಯ ಬೀಗದಕೈ ಕೊಟ್ಟುಬಿಡುತ್ತೇವೆ.

ಅಜ್ಜನಿಗೂ ಹೀಗೆಯೇ ಆಯಿತು. ಮರುವರ್ಷ ಅದೇ ಅಂಗಡಿಯಲ್ಲಿ ಅರವತ್ನಾಲ್ಕು ಎಂದರು. ಸರಿಸಂಖ್ಯೆ. ಅಜ್ಜ ತೃಪ್ತನಾಗಿ ಹೆಬ್ಬೆಟ್ಟು ಒತ್ತಿ ಬಂದ. ಚೀಲಗಳ ಬಾಯಿ ಹೊಲಿದಿದ್ದ ಅಜ್ಜಿ ರಾತ್ರಿ ಉಳಿದ ಖಾಲಿ ಚೀಲಗಳನ್ನು ಎಣಿಸಿದಳು. ಹತ್ತು ಚೀಲದ ಲೆಕ್ಕ ಹತ್ತಲಿಲ್ಲ.

ಅಂಗಡಿಯವರು ಮೋಸ ಮಾಡಿದರೆಂದು ಮನೆಯವರೆಲ್ಲ ಅಂದರು. ಅಜ್ಜ ಮಾತ್ರ ಸಾಯುವತನಕ ಆ ಮಾತು ಆಡಲಿಲ್ಲವಂತೆ. “ಮೋಸ ಅನ್ನಾಕ ನಾ ಕಣ್ಣಾರೆ ಕಂಡಿಲ್ಲ. ಸರಿ ಐತಿ ಅಂತ ಹೆಬ್ಬೆಟ್ಟು ಒತ್ತಿದವ ನಾನ” ಎನ್ನುತ್ತಿದ್ದನಂತೆ. ಮುಂದಿನ ಸುಗ್ಗಿಗೆ ಅವನು ಧೋತರದ ಸೆರಗಿನಲ್ಲಿ ಹುಣಸೆಬೀಜ ಕಟ್ಟಿಕೊಂಡು ಹೋದ. ಒಂದೊಂದು ಜೋಡಿ ಚೀಲ ಇಳಿದಾಗಲೂ ಒಂದೊಂದು ಬೀಜವನ್ನು ಅಂಗಡಿಯ ಕಟ್ಟೆಯ ಮೇಲೆ ಇಡುತ್ತ ಕುಳಿತ.