ತಿಳಿನೀರಿನ ತಪ್ಪು

ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಕೆಟ್ಟ ಫಲ ಕೊಟ್ಟರೆ ಮಾಡಿದವನನ್ನು ತಪ್ಪಿತಸ್ಥನೆನ್ನಬಹುದೆ? ದೊಡ್ಡವರು ಈ ಪ್ರಶ್ನೆಯನ್ನು ದೊಡ್ಡ ಸಂದರ್ಭಗಳಲ್ಲಿ ಕೇಳಿದ್ದಾರೆ. ನನಗೆ ಮಾತ್ರ ಅದು ಎದುರಾದುದು 2 ಅಡಿ ಉದ್ದದ ಒಂದು ಗಾಜಿನ ತೊಟ್ಟಿಯ ಮುಂದೆ. ಅದರಲ್ಲಿ 20 ಸೀಗಡಿಗಳಿದ್ದವು.

ಸೀಗಡಿಯೆಂದೊಡನೆ ಕರಾವಳಿಯ ಅಡುಗೆಮನೆಯನ್ನು ನೆನೆದುಕೊಳ್ಳುವವರು ಕ್ಷಮಿಸಬೇಕು. ಇವು ಸಾರಿಗೆ ಬೀಳುವ ಸೀಗಡಿಗಳಲ್ಲ. ತೈವಾನ್, ಚೀನಾಗಳ ಹಳ್ಳಗಳಿಂದ ಬಂದ ಸಿಹಿನೀರಿನ ಜಾತಿ. ಬೆಳೆದರೂ ಒಂದೂವರೆ ಅಂಗುಲ ದಾಟುವುದು ಅಪರೂಪ. ಹುಟ್ಟೂರಿನಲ್ಲಿ ಇವುಗಳದು ಮಣ್ಣಿನ ಬಣ್ಣ. ಸಾಕುವವರು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ಕುಂಕುಮದಂತೆ ಕೆಂಪಾಗಿಸಿದ್ದಾರೆ. ಇವನ್ನು ತಂದುಕೊಟ್ಟವನು ನನ್ನ ತಂಗಿಯ ಮಗ. ಜೊತೆಗೆ ಬಾದಾಮಿ ಮರದ ನಾಲ್ಕು ಒಣಗಿದ ಎಲೆಗಳನ್ನೂ ತಂದಿದ್ದ. ಬೆಂಗಳೂರಿನ ಬೀದಿಗಳಲ್ಲಿ ಕೆಂಪಾಗಿ ಉದುರುವ, ಬೆಳಗಾದರೆ ಗುಡಿಸಿ ರಾಶಿ ಹಾಕುವ ಅದೇ ಎಲೆ. "ಇವು ನೀರಿನಲ್ಲೇ ಇರಲಿ ಮಾವ, ತೆಗೀಬೇಡಿ," ಎಂದು ಹೇಳಿ ಹೋದ.

ಎರಡು ವಾರದಲ್ಲಿ ನೀರು ಹಾಲಿಲ್ಲದ ಚಹದ ಬಣ್ಣಕ್ಕೆ ತಿರುಗಿತು. ಎಲೆಗಳ ಮೇಲೆ ಬಿಳಿಯ ಲೋಳೆ ಕಟ್ಟಿತು. ಮನೆಗೆ ಬಂದವರು, "ಪಾಪ, ಈ ಕೊಳಕಿನಲ್ಲಿ ಹೇಗಿರುತ್ತವೆಯೋ!" ಎಂದರು. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಆ ಮಾತು ನಾಟಿತು. ಒಂದು ಭಾನುವಾರ ಸೀಗಡಿಗಳನ್ನು ಪಾತ್ರೆಯೊಂದಕ್ಕೆ ತೆಗೆದಿಟ್ಟು, ಎಲೆಗಳನ್ನು ಎಸೆದೆ, ಗಾಜನ್ನು ಉಜ್ಜಿದೆ, ನೀರು ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆ, ಅದೇ ನಲ್ಲಿಯಿಂದ ಕಾವೇರಿ ನೀರು ತುಂಬಿ ಸೀಗಡಿಗಳನ್ನು ಬಿಟ್ಟೆ. ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ಅದನ್ನು ನೋಡುತ್ತ ನಿಂತು ಹಿಗ್ಗಿದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮರುದಿನ ಬೆಳಗ್ಗೆ 11 ಸೀಗಡಿಗಳು ತಳದಲ್ಲಿ ಬಿದ್ದಿದ್ದವು. ಬೆಳೆಯುವಾಗ ಸೀಗಡಿ ಹಾವಿನಂತೆ ಪೊರೆ ಕಳಚುತ್ತದೆ. ಇವೂ ಬರಿಯ ಪೊರೆಗಳಿರಬೇಕೆಂದು ಸ್ವಲ್ಪ ಹೊತ್ತು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಆದರೆ ಪೊರೆ ಟೊಳ್ಳು, ಇವು ಟೊಳ್ಳಾಗಿರಲಿಲ್ಲ. ಒಂದರ ಹೊಟ್ಟೆಯಡಿಯಲ್ಲಿ ಮೊಟ್ಟೆಗಳಿದ್ದವು.

ಕಾರಣಗಳು ಆಮೇಲೆ ತಿಳಿದವು. ನಮ್ಮನ್ನು ಕಾಯಿಲೆಯಿಂದ ಕಾಪಾಡಲು ನೀರಿಗೆ ಬೆರೆಸುವ ಕ್ಲೋರಿನ್ ಅವುಗಳ ಕಿವಿರುಗಳಿಗೆ ವಿಷ. ಅವುಗಳ ಮೈಯಿಂದ ಹೊರಬೀಳುವ ಅಮೋನಿಯವನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಮನೆ ಮಾಡಿದ್ದುದು ನಾನು ಹಿಂಡಿದ ಆ ಸ್ಪಂಜಿನಲ್ಲಿ. ಚಹದ ಬಣ್ಣವೆಂದರೆ ಎಲೆಯಿಂದ ಇಳಿದ ಒಗರು, ಟ್ಯಾನಿನ್. ಇನ್ನು ಆ ಬಿಳಿಯ ಲೋಳೆ? ಎಲೆ ಕೊಳೆಯುವಾಗ ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳವು. ಸೀಗಡಿಗಳು ಪುಟ್ಟ ಕೈಗಳಿಂದ ಹಗಲೂ ಇರುಳೂ ಹೆಕ್ಕಿ ತಿನ್ನುವುದು ಅವನ್ನೇ. ಕಸವೆಂದು ನಾನು ಎಸೆದುದು ಅವುಗಳ ಊಟದ ಎಲೆಯನ್ನು.

"ನನಗೆ ಕೆಟ್ಟ ಉದ್ದೇಶವಿರಲಿಲ್ಲ," ಎಂದು ನನ್ನ ಪರವಾಗಿ ನಾನೇ ವಕಾಲತ್ತು ವಹಿಸಿ ನೋಡಿದೆ. ವಾದ ನಿಲ್ಲಲಿಲ್ಲ. ತಿಳಿಯದೆ ಮಾಡಿದ್ದು ತಪ್ಪಲ್ಲವೆನ್ನೋಣ. ತಿಳಿದುಕೊಳ್ಳಲು ದಾರಿಯಿದ್ದೂ ತಿಳಿದುಕೊಳ್ಳದಿದ್ದುದು? ಹುಡುಗ ಹೇಳಿಯೇ ಹೋಗಿದ್ದ. ಇನ್ನೂ ಒಳಹೊಕ್ಕು ನೋಡಿದರೆ, ಆ ಭಾನುವಾರ ನಾನು ದುಡಿದದ್ದು ಸೀಗಡಿಗಳಿಗಾಗಿ ಅಲ್ಲವೇ ಅಲ್ಲ. ಬಂದವರ ಕಣ್ಣಿಗಾಗಿ, ನನ್ನ ಸಂಕೋಚಕ್ಕಾಗಿ. ಅದಕ್ಕೆ ಕರುಣೆಯೆಂದು ಹೆಸರಿಟ್ಟುಕೊಂಡಿದ್ದೆ, ಅಷ್ಟೆ.

ಸೀಗಡಿಗಾಗಿ ಇಷ್ಟೊಂದು ಚಿಂತೆಯೆ ಎಂದು ಓದುಗರು ನಗಬಹುದು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2008ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸೀಗಡಿಯ ಒಂದು ಮೀಸೆಗೆ ಆಮ್ಲ ಸವರಿದಾಗ ಅದು ಆ ಮೀಸೆಯನ್ನೇ ಮತ್ತೆ ಮತ್ತೆ ನೀವಿಕೊಂಡಿತು, ತೊಟ್ಟಿಯ ಗೋಡೆಗೆ ಉಜ್ಜಿಕೊಂಡಿತು. ಮರಗಟ್ಟಿಸುವ ಮದ್ದು ಹಚ್ಚಿದ್ದಾಗ ಈ ಚಡಪಡಿಕೆ ಕಡಿಮೆಯಾಯಿತು. ನೋವಿದೆಯೆಂಬುದಕ್ಕೆ ಇದು ಕೊನೆಯ ಸಾಕ್ಷ್ಯವಲ್ಲ. ಆದರೂ ಬ್ರಿಟನ್ನಿನ 2022ರ ಕಾಯಿದೆಯೊಂದು ಸೀಗಡಿ, ಏಡಿಗಳನ್ನೂ ಸಂವೇದನೆಯುಳ್ಳ ಪ್ರಾಣಿಗಳ ಸಾಲಿಗೆ ಸೇರಿಸಿತು. ನೋವಿನ ವಿಷಯದಲ್ಲಿ ಸಂದೇಹವಿರುವಾಗ ಹಗುರವಾಗಿ ಕೈ ಹಾಕದಿರುವುದೇ ನ್ಯಾಯವೆಂದು ನನಗೂ ತೋರುತ್ತದೆ.

ಜೈನರಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಪದ್ಧತಿಯುಂಟು. ಅದು ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗ ಅಷ್ಟಾಗಿ ಗೊತ್ತಿಲ್ಲ. ಬಟ್ಟೆಯಲ್ಲಿ ಉಳಿದ ಕ್ರಿಮಿಗಳನ್ನು ಎಲ್ಲೆಂದರಲ್ಲಿ ಕೊಡವುವಂತಿಲ್ಲ; ಯಾವ ಬಾವಿಯಿಂದ ನೀರು ಸೇದಿದರೋ ಆ ಬಾವಿಗೇ ಹಿಂದಿರುಗಿಸಬೇಕು. ಕೊಲ್ಲದಿದ್ದರೆ ಸಾಲದು, ಒಂದೊಂದು ಜೀವಕ್ಕೂ ಅದರದೇ ನೀರು ಎಂಬುದುಂಟು, ಅದನ್ನು ಅರಿತಿರಬೇಕು. ನನ್ನ ಒಳ್ಳೆಯ ಉದ್ದೇಶದಲ್ಲಿ ಇಲ್ಲದಿದ್ದುದು ಈ ಅರಿವು. ಮಕ್ಕಳಿಗೆ, ಮುದುಕರಿಗೆ, ನೆರೆಯವರಿಗೆ ನಾವು ಮಾಡುವ ಉಪಕಾರಗಳಲ್ಲಿಯೂ ಎಷ್ಟೋ ಸಲ ನಮ್ಮ ನೀರನ್ನೇ ಅವರ ತೊಟ್ಟಿಗೆ ತುಂಬುತ್ತೇವೆ.

ಉಳಿದ 9 ಸೀಗಡಿಗಳನ್ನು ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ನಮ್ಮ ಕೆರೆ ಅವುಗಳ ನೀರಲ್ಲ. ಅಲ್ಲಿ ಸತ್ತರೆ ಅವುಗಳಿಗೆ ಕೇಡು, ಬದುಕಿ ಹೆಚ್ಚಿದರೆ ಇಲ್ಲಿಯ ಜೀವಿಗಳಿಗೆ ಕೇಡಾದೀತು. ಆದುದರಿಂದ ತೊಟ್ಟಿ ಉಳಿಯಿತು. ಈಗ ಕ್ಲೋರಿನ್ ಕಳೆದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇನೆ. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಔಷಧಿ ಸಿಂಪಡಿಸದ ಬಾದಾಮಿ ಮರವೊಂದನ್ನು ಗೊತ್ತುಮಾಡಿಕೊಂಡು ಎಲೆ ಆಯ್ದು ತರುತ್ತೇನೆ.

ಕಳೆದ ವಾರ ಎಲೆಯೊಂದರ ಅಂಚಿನಲ್ಲಿ ಅಕ್ಕಿಯ ನುಚ್ಚಿನಷ್ಟು ಸಣ್ಣ ಮರಿಗಳು ಕಂಡವು. ಅದರಿಂದ ಆ ಹನ್ನೊಂದರ ಲೆಕ್ಕ ತೀರುವುದಿಲ್ಲ. ಚೆನ್ನಾಗಿ ಕಾಣಲೆಂದು ಗಾಜು ಒರೆಸಲು ಕೈ ಮುಂದೆ ಹೋಯಿತು. ಯಾರಿಗಾಗಿ ಎಂದು ಕೇಳಿಕೊಂಡೆ. ಕೈ ಹಿಂದೆ ಬಂದಿತು.