ಕಾಯಿಪಲ್ಯ ಬಿಟ್ಟರೆ ಪಾಪವೇ?

ಅನ್ನ ಚೆಲ್ಲುವುದು ಪಾಪ ಎಂದು ನಂಬಿದ ಮನೆಯಲ್ಲಿ ಬೆಳೆದವಳು ನಾನು; ಇಂದಿಗೂ ನಂಬುತ್ತೇನೆ. ಹಾಗಾದರೆ ಬಿಸಿಯೂಟದ ಸಾರಿನಿಂದ ಗಜ್ಜರಿ, ಬದನೆಕಾಯಿ ಹೆಕ್ಕಿ ತಾಟಿನ ಅಂಚಿಗೆ ತಳ್ಳುವ ನಮ್ಮ ಎರಡನೇ ತರಗತಿಯ ಹುಡುಗಿ ಪಾಪ ಮಾಡುತ್ತಿದ್ದಾಳೆಯೇ?

ಪಕ್ಕದಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ, ಅದು ಸೊಕ್ಕಲ್ಲ. ಬದನೆಯ ಹೋಳನ್ನು ಎರಡು ಬೆರಳಲ್ಲಿ ಹಿಡಿದು ಮೂಸುತ್ತಾಳೆ, ನಾಲಗೆಯ ತುದಿಗೆ ಮುಟ್ಟಿಸುತ್ತಾಳೆ, "ಅಕ್ಕೋರ, ಲೋಳಿ ಲೋಳಿ ಐತ್ರಿ" ಎಂದು ಕೆಳಗಿಡುತ್ತಾಳೆ. ಹೊಸ ರುಚಿಗೆ ಹಿಂಜರಿಯುವುದು ಎಳೆಯ ವಯಸ್ಸಿನ ಸಹಜ ಗುಣ.

"ಬಿಟ್ಟರ ದೇವರು ಸಿಟ್ಟಾಗತಾನ" ಎಂದು ಹೆದರಿಸುವ ರೂಢಿ ನಮ್ಮಲ್ಲಿದೆ. ಇದು ಧರ್ಮವನ್ನು ತಲೆಕೆಳಗು ಮಾಡಿದಂತೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನವನ್ನು ನಿಂದಿಸದಿರುವುದು ಒಂದು ವ್ರತ. ಅದನ್ನು ತಿಳಿವಳಿಕೆ ಬಂದವರು ತಾವಾಗಿ ತೊಡಬೇಕು. ಬ್ರಹ್ಮವನ್ನು ತಿಳಿಸೆಂದು ಬಂದ ಮಗ ಭೃಗುವಿಗೆ ಅಲ್ಲಿ ವರುಣ ಉತ್ತರವನ್ನು ತುರುಕುವುದಿಲ್ಲ. ತಪಸ್ಸಿನಿಂದ ನೀನೇ ತಿಳಿ ಎಂದು ಮತ್ತೆ ಮತ್ತೆ ಕಳಿಸುತ್ತಾನೆ. ಭೃಗು ಮೊದಲು ಕಂಡುಕೊಂಡದ್ದು ಅನ್ನವೇ ಬ್ರಹ್ಮವೆಂದು.

2002ರಲ್ಲಿ ಶುರುವಾದ ನಮ್ಮ ಬಿಸಿಯೂಟಕ್ಕೆ ಸರ್ಕಾರ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ದಾಸೋಹದಲ್ಲಿ ಬಾಗಬೇಕಾದವನು ನೀಡುವವನು, ಉಣ್ಣುವವನಲ್ಲ. ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಎಂಬ ಲೆಕ್ಕವಿದೆ, ಸರಿ; ಆದರೆ ಒಲ್ಲೆ ಅನ್ನುವ ಮಗುವಿನ ತಾಟಿಗೆ ಅಷ್ಟನ್ನೂ ಒಮ್ಮೆಲೇ ಸುರಿಯುವುದು ದಾಸೋಹವಲ್ಲ. ನಮ್ಮ ಅಡುಗೆಯವರು ಈಗ ಬದನೆಯನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿಯ ಒಗ್ಗರಣೆಯಲ್ಲಿ ಚೆನ್ನಾಗಿ ಬಾಡಿಸಿ ಆಮೇಲೆ ಬೇಳೆಗೆ ಹಾಕುತ್ತಾರೆ. ಆ ಹುಡುಗಿಗೆ ಮೊದಲು ಒಂದೇ ಹೋಳು. ಬೇಕೆಂದರೆ ಮತ್ತೆ ನೀಡುತ್ತೇವೆ, ಬೇಡವೆಂದರೆ ನಾಳೆ ಮತ್ತೊಂದು. ನಾನೂ ಅದೇ ಸಾಲಿನಲ್ಲಿ ಕೂತು ಅದನ್ನೇ ಉಣ್ಣುತ್ತೇನೆ. ಮಕ್ಕಳ ಆಹಾರವನ್ನು ಅಧ್ಯಯನ ಮಾಡಿದವರು ಒಂದು ತರಕಾರಿ ಎಂಟು-ಹತ್ತು ಸಲ, ಕೆಲವರಿಗೆ ಇನ್ನೂ ಹೆಚ್ಚು ಸಲ, ನಾಲಗೆಗೆ ತಾಗಿದ ಮೇಲೆ ಒಗ್ಗುತ್ತದೆ ಎನ್ನುತ್ತಾರೆ. ಒತ್ತಾಯ ಮಾಡಿದರೆ ಬೇಸರವೇ ಬಲಿಯುತ್ತದೆ. ಪಲ್ಯ ತಿಂದರೆ ಚಾಕಲೇಟು ಎಂಬ ಆಸೆಯೂ ಬೇಡ. ಪಲ್ಯ ದಂಡವೆಂದೂ ಚಾಕಲೇಟೇ ಊಟವೆಂದೂ ಮಗು ಕಲಿಯುತ್ತದೆ.

ತಾಟಿನಲ್ಲಿ ಉಳಿದ ಕಾಯಿಯ ಹೊಣೆ ಹೆಚ್ಚು ಬಡಿಸಿದ ಕೈಯದು. ಇನ್ನು ನಿಂದೆಯ ಮಾತು. "ಹಾಗಲಕಾಯಿ ಯಾರು ತಿಂತಾರ" ಎಂದು ಮನೆಯಲ್ಲಿ ಮೊದಲು ಮುಖ ಕಿವುಚುವವರು ಎಷ್ಟೋ ಸಲ ದೊಡ್ಡವರೇ. ಮಗುವಿನ ಎದುರು ಯಾವ ಕಾಯಿಯನ್ನೂ ಹಳಿಯಬೇಡಿ. ಆ ವ್ರತ ಮೊದಲು ನಿಮ್ಮದು.