ಮನೆಯ ಮಾತು ಯಾರ ಸ್ವತ್ತು?

ಗೃಹವೆಂಬುದು ಕೇವಲ ಕಲ್ಲುಮಣ್ಣಿನ ಕಟ್ಟಡವಲ್ಲ. ಹೊಸ್ತಿಲಿನ ಹೊರಗೆ ಆಡಲಾಗದ ಮಾತನ್ನು ಒಳಗೆ ನಿಶ್ಶಂಕೆಯಿಂದ ಆಡಬಹುದೆಂಬ ವಿಶ್ವಾಸವೇ ಅದರ ಜೀವಾಳ. ಸಾಲದ ಚಿಂತೆ, ಮಗಳ ಮದುವೆಯ ಮಾತುಕತೆ, ರೋಗಿಯ ನರಳಾಟ, ದಂಪತಿಗಳ ಮುನಿಸು, ಇವೆಲ್ಲವೂ ಆ ವಿಶ್ವಾಸದ ಆಶ್ರಯದಲ್ಲಿ ನಡೆಯತಕ್ಕವು. ಇಂದು ಅಂತರ್ಜಾಲಕ್ಕೆ ಕೂಡಿದ ಟಿ.ವಿ.ಯೂ, ಕರೆದರೆ ಓಗೊಡುವ ಧ್ವನಿಯಂತ್ರವೂ ಪಡಸಾಲೆಯಲ್ಲಿ ನೆಲೆಗೊಂಡಿರಲು, ಆ ವಿಶ್ವಾಸವನ್ನು ಕಾಯತಕ್ಕವರು ಯಾರೆಂಬ ಪ್ರಶ್ನೆಯು ಏಳುತ್ತದೆ.

ಈ ಶಂಕೆ ನಿರಾಧಾರವಾದುದಲ್ಲ. ಅಮೆರಿಕೆಯ ವಿಜಿಯೊ ಎಂಬ ಕಂಪನಿಯು 1 ಕೋಟಿ 10 ಲಕ್ಷ ಟಿ.ವಿ.ಗಳಲ್ಲಿ ಜನರು ನೋಡುತ್ತಿದ್ದುದನ್ನು ಕ್ಷಣಕ್ಷಣಕ್ಕೂ ಅವರ ಅನುಮತಿಯಿಲ್ಲದೆ ಸಂಗ್ರಹಿಸಿ ಮಾರಿತೆಂಬ ಆರೋಪದ ಮೇಲೆ, 2017ರಲ್ಲಿ 22 ಲಕ್ಷ ಡಾಲರುಗಳನ್ನು ತೆರಲು ಒಪ್ಪಿತು. ಪರದೆಯ ಮೇಲಣ ಚಿತ್ರದ ತುಣುಕುಗಳನ್ನು ತಿಳಿದ ಕಾರ್ಯಕ್ರಮಗಳೊಡನೆ ಹೋಲಿಸಿ ಗುರುತಿಸುವುದೇ ಆ ಯಂತ್ರದ ಉಪಾಯವಾಗಿತ್ತು. 2018ರಲ್ಲಿ ಅದೇ ದೇಶದ ಪೋರ್ಟ್‌ಲೆಂಡ್ ನಗರದ ಕುಟುಂಬವೊಂದರ ಮನೆಮಾತು, ಅಮೆಜಾನ್ ಕಂಪನಿಯ ಅಲೆಕ್ಸಾ ಯಂತ್ರದಿಂದ ಪರಿಚಿತರೊಬ್ಬರಿಗೆ ರವಾನೆಯಾಯಿತು. ಸಂಭಾಷಣೆಯ ಪದಗಳನ್ನು ಯಂತ್ರವು ಆಜ್ಞೆಯೆಂದು ತಪ್ಪಾಗಿ ಗ್ರಹಿಸಿತೆಂದು ಕಂಪನಿಯು ವಿವರಿಸಿತು.

"ಮುಚ್ಚಿಡತಕ್ಕ ಪಾಪವೇನೂ ನಮ್ಮಲ್ಲಿಲ್ಲ; ಕೇಳಿದರೆ ಕೇಳಲಿ" ಎನ್ನುವವರುಂಟು. ಆದರೆ ಬಚ್ಚಲುಮನೆಗೆ ಬಾಗಿಲಿರುವುದು ಒಳಗೆ ಅಪರಾಧ ನಡೆಯುವುದೆಂದಲ್ಲ. ಪಾಪವನ್ನು ಅಡಗಿಸುವುದು ಬೇರೆ, ಮರ್ಯಾದೆಯನ್ನು ಕಾಪಾಡುವುದು ಬೇರೆ. ಇದಕ್ಕಿಂತ ಮಿಗಿಲಾದ ಇನ್ನೊಂದು ವಿಚಾರವಿದೆ. ಯಜಮಾನನು ನಿಬಂಧನೆಗಳನ್ನು ಓದದೆ ಒಪ್ಪಿಗೆಯ ಗುಂಡಿಯನ್ನೊತ್ತಿದಾಗ ತನ್ನೊಬ್ಬನ ಮಾತನ್ನು ಮಾತ್ರ ಒಪ್ಪಿಸುವುದಿಲ್ಲ. ವೃದ್ಧ ತಾಯಿಯ, ಅರಿಯದ ಮಗುವಿನ, ಕಷ್ಟ ಹೇಳಿಕೊಳ್ಳಲು ಬಂದ ನೆರೆಯವಳ ಮಾತನ್ನೂ ಒಪ್ಪಿಸುತ್ತಾನೆ. ತನ್ನದನ್ನು ಕೊಡುವುದು ದಾನವಾದೀತು. ಪರರು ನಂಬಿ ಇಟ್ಟುದನ್ನು ಅವರನ್ನು ಕೇಳದೆ ಕೊಡುವುದು ನಂಬಿಕೆದ್ರೋಹವೇ ಸರಿ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಹಕ್ಕನ್ನು ನ್ಯಾಯಾಲಯವು ಎತ್ತಿಹಿಡಿಯಬಲ್ಲುದು; ಎಚ್ಚರವು ಮಾತ್ರ ಮನೆಯವರಿಂದಲೇ ಬರತಕ್ಕುದು.

ಆದುದರಿಂದ ಯಂತ್ರವನ್ನು ದ್ವೇಷಿಸಬೇಕಾಗಿಲ್ಲ. ಅದನ್ನು ಅದರ ಸ್ಥಾನದಲ್ಲಿಡಬೇಕು. ಟಿ.ವಿ.ಯ ಸೆಟ್ಟಿಂಗಿನಲ್ಲಿ, ನೋಡಿದುದನ್ನು ದಾಖಲಿಸುವ ಏರ್ಪಾಡನ್ನು ನಿಲ್ಲಿಸಬಹುದು. ಧ್ವನಿಯಂತ್ರದ ಮೈಕನ್ನು ಬೇಡವಾದಾಗ ಆರಿಸಿ, ಕೂಡಿಟ್ಟ ಧ್ವನಿಮುದ್ರಣಗಳನ್ನು ಅಳಿಸಬಹುದು. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡದಿರಬಹುದು. ಕಂಪನಿಯು ಕೊಟ್ಟ ಪಾಸ್‌ವರ್ಡನ್ನು ಬದಲಿಸಬಹುದು. ಎಲ್ಲಕ್ಕಿಂತ ಮೊದಲು, ಯಂತ್ರವನ್ನು ಮನೆಗೆ ತರುವಾಗ ಮನೆಯವರೆಲ್ಲರನ್ನೂ ಕೇಳಬೇಕು. ಬಂದವರಿಗೆ ಅದಿರುವುದನ್ನು ತಿಳಿಸಬೇಕು. ಅತಿಥಿಗೆ ನೀರು ಕೊಟ್ಟು ಕುಳ್ಳಿರಿಸುವವನು, ಆತನ ಮಾತಿಗೂ ನೆರಳು ಕೊಡುವುದು ಗೃಹಸ್ಥನ ಧರ್ಮ.